ಬಣ್ಣ ಒಣಗುವ ತನಕ ತೀರ್ಪು ಬೇಡ

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಟೀಚರ್. ವಯಸ್ಸು 38. ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಎರಡೂ ಪಾಸಾಗಿದ್ದೆ. ಆಮೇಲೆ ಬಿಟ್ಟುಹೋಯಿತು. ಈಗ ಕೆಲವು ವರ್ಷಗಳಿಂದ ಮತ್ತೆ ವಾಟರ್ ಕಲರ್ ಹಿಡಿದಿದ್ದೇನೆ. ಹೆಂಚಿನ ಮನೆ, ಕೆರೆ ಏರಿ, ಮಳೆ ನಿಂತ ಮೇಲಿನ ರಸ್ತೆ, ಇಂಥವು ನನಗಿಷ್ಟ. ತೊಂದರೆ ಏನೆಂದರೆ ಯಾವುದನ್ನೂ ಮುಗಿಸಲು ಆಗುತ್ತಿಲ್ಲ. ಒಂದು ಕಡೆ ಸರಿಯಿಲ್ಲ ಅನ್ನಿಸಿದರೆ ತಿದ್ದುತ್ತೇನೆ. ತಿದ್ದಿದ್ದು ಇನ್ನೂ ಹಾಳಾಗುತ್ತದೆ. ಕೊನೆಗೆ ಹರಿದು ಹಾಕುತ್ತೇನೆ. ತಮ್ಮ ಬೆಂಗಳೂರಿನಿಂದ ತಂದುಕೊಟ್ಟ ದುಬಾರಿ ಪೇಪರ್ ಎರಡು ವರ್ಷದಿಂದ ಬೀರುವಿನಲ್ಲೇ ಇದೆ. ಅದಕ್ಕೆ ತಕ್ಕಷ್ಟು ಕೈ ಪಳಗಲಿ ಅಂತ ಕಾಯುತ್ತಿದ್ದೇನೆ. ಮನೆಯವರು ಚೆನ್ನಾಗಿದೆ ಅಂದರೆ ನಂಬಿಕೆ ಬರುವುದಿಲ್ಲ. ಆದರೆ ಸ್ಟಾಫ್ ರೂಮಿನಲ್ಲಿ ಒಬ್ಬರು ‘ಮೇಡಂ, ಫೋಟೋ ಥರ ಬಂದಿಲ್ಲವಲ್ಲ’ ಅಂದಿದ್ದು ಇನ್ನೂ ಮನಸ್ಸಿನಲ್ಲಿ ಕೂತಿದೆ. ಬೆಂಗಳೂರಿನಲ್ಲಿ ಕಲಾವಿದರು ತಮ್ಮ ಚಿತ್ರ ಮಾರುವ ಚಿತ್ರಸಂತೆಗೆ ಅರ್ಜಿ ಹಾಕಬೇಕು ಅಂದುಕೊಳ್ಳುತ್ತೇನೆ, ಪ್ರತಿ ವರ್ಷ ಕೈಬಿಡುತ್ತೇನೆ. ಹರಿಯದೆ ಉಳಿದ ಮೂರು ಚಿತ್ರಗಳ ಫೋಟೋ ಕಳಿಸಿದ್ದೇನೆ. ಎಲ್ಲವೂ ಪರ್ಫೆಕ್ಟ್ ಆಗಿರಬೇಕು ಅನ್ನುವ ಈ ಹಟದಿಂದ ಹೊರಗೆ ಬರುವುದು ಹೇಗೆ? ನನ್ನ ಮಟ್ಟವನ್ನೇ ಇಳಿಸಿಕೊಳ್ಳಬೇಕಾ?

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆ. ಮಟ್ಟ ಇಳಿಸಿಕೊಳ್ಳಬೇಕಾ? ಖಂಡಿತ ಬೇಡ. ‘ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಮೇಡಂ, ಸುಮ್ನೆ ಖುಷಿಗೆ ಬರೆಯಿರಿ’ ಅಂತ ನಿಮಗೆ ಬಹಳ ಜನ ಹೇಳಿರುತ್ತಾರೆ. ಆ ಮಾತು ನಿಮಗೆ ನಾಟಿರುವುದಿಲ್ಲ. ನಾಟಬೇಕಾಗಿಯೂ ಇಲ್ಲ. ಒಳ್ಳೆಯ ಚಿತ್ರ ಯಾವುದು, ಸಾಧಾರಣ ಚಿತ್ರ ಯಾವುದು ಅಂತ ಗುರುತಿಸುವ ಕಣ್ಣು ನಿಮಗಿದೆ. ಅದನ್ನು ಮುಚ್ಚಿಕೊಂಡು ಚಿತ್ರ ಬರೆದು ಏನು ಪ್ರಯೋಜನ? ನೀವು ಕಳಿಸಿದ ಮೂರನ್ನೂ ದೊಡ್ಡದು ಮಾಡಿ ನೋಡಿದೆ. ನನಗೆ ಕಂಡಿದ್ದು ಇಷ್ಟು: ನಿಮ್ಮ ಮಟ್ಟ ಸರಿಯಾಗಿಯೇ ಇದೆ, ತೀರ್ಪು ಕೊಡುವ ಹೊತ್ತು ತಪ್ಪಿದೆ. ಬಣ್ಣ ಒದ್ದೆಯಿರುವಾಗಲೇ ಕೊಟ್ಟುಬಿಡುತ್ತಿದ್ದೀರಿ.

ಮಾತಿನ ಚಂದಕ್ಕೆ ಹೀಗೆ ಹೇಳುತ್ತಿಲ್ಲ. ನಿಮ್ಮ ಎರಡನೇ ಚಿತ್ರ, ಕೆರೆ ಏರಿಯದು, ತೆಗೆದು ನೋಡಿ. ಬಲಗಡೆ ಮೇಲೆ, ತೆಂಗಿನ ಮರದ ಪಕ್ಕ, ಆಕಾಶದಲ್ಲಿ ಅಂಚು ಮುರುಟಿದ ಒಂದು ಕಲೆ ಇದೆ. ಒಳಗೆ ತಿಳಿ, ಸುತ್ತ ಗಾಢವಾದ ಗೆರೆ. ಕ್ಲಾಸುಗಳಲ್ಲಿ ಇದನ್ನು ಕಾಲಿಫ್ಲವರ್ ಅನ್ನುತ್ತಾರೆ. ಅದರ ಮೇಲೆ ಮತ್ತೆ ಬಣ್ಣ ಹಚ್ಚಿದ್ದೀರಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ದೀರಿ, ಪೇಪರಿನ ಮೈ ಎದ್ದಿರುವುದು ಫೋಟೋದಲ್ಲೇ ಗೊತ್ತಾಗುತ್ತದೆ. ಕೊನೆಗೆ ಮೋಡ ಮಾಡಿ ಮುಚ್ಚಲು ನೋಡಿದ್ದೀರಿ. ಚಿತ್ರದ ಉಳಿದ ಭಾಗ ಎಷ್ಟು ಹಗುರವಾಗಿದೆಯೋ ಆ ಮೂಲೆ ಅಷ್ಟೇ ಭಾರವಾಗಿದೆ.

ಆ ಕಲೆ ಬಂದದ್ದು ಹೇಗೆ? ಒದ್ದೆ ಪೇಪರ್ ಒಣಗುವಾಗ ಮೂರು ಹಂತ ದಾಟುತ್ತದೆ. ಮೊದಲು ನೀರು ಮೇಲೆಯೇ ನಿಂತು ಫಳಫಳ ಹೊಳೆಯುತ್ತದೆ. ಆಗ ಏನು ಸೇರಿಸಿದರೂ ಬೆರೆತುಕೊಳ್ಳುತ್ತದೆ. ಆಮೇಲೆ ಹೊಳಪು ಮಾಸುತ್ತದೆ. ನೀರು ಒಳಗಿಳಿದಿರುತ್ತದೆ, ಬಣ್ಣದ ಕಣಗಳು ಪೇಪರಿನ ನಾರಿನಲ್ಲಿ ಕೂರಲು ಶುರು ಮಾಡಿರುತ್ತವೆ. ಈ ಎರಡನೇ ಹಂತದಲ್ಲಿ ಬ್ರಷ್ ತಾಗಿಸಿದರೆ ಕೆಟ್ಟಿತು. ಬ್ರಷ್ಷಿನಲ್ಲಿರುವ ಹೆಚ್ಚಿನ ನೀರು ಹರಡುತ್ತಾ ಕೂತ ಕಣಗಳನ್ನು ಎಬ್ಬಿಸಿ ಹೊರಕ್ಕೆ ತಳ್ಳಿಕೊಂಡು ಹೋಗುತ್ತದೆ. ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಕಣಗಳೆಲ್ಲ ಸೇರಿ ಗೆರೆಯಾಗುತ್ತವೆ. ಮೂರನೆಯದು ಪೂರ್ತಿ ಒಣಗಿದ ಹಂತ. ಕಣ್ಣಿಗೆ ಒಣಗಿದಂತೆ ಕಂಡರೆ ಸಾಲದು. ಕೈಯ ಹಿಂಭಾಗವನ್ನು ಪೇಪರಿಗೆ ಮೆಲ್ಲಗೆ ತಾಗಿಸಿ. ತಣ್ಣಗಿದ್ದರೆ ಒಳಗಿನ್ನೂ ನೀರಿದೆ. ತಣ್ಣಗಿಲ್ಲದಿದ್ದರೆ ಮಾತ್ರ ಮುಂದಿನ ಪದರ.

ನೀವು ಬ್ರಷ್ ತಾಗಿಸಿದ್ದು ಎರಡನೇ ಹಂತದಲ್ಲಿ. ಆಕಾಶದ ಒಂದು ಕಡೆ ತುಸು ತಿಳಿಯಾಗಿ ಕಂಡಿರಬೇಕು, ತಡೆಯಲಾಗಲಿಲ್ಲ. ಇನ್ನೊಂದು ಮಾತು. ವಾಟರ್ ಕಲರ್ ಒಣಗಿದ ಮೇಲೆ ತಿಳಿಯಾಗುತ್ತದೆ, ಒದ್ದೆಯಲ್ಲಿ ಕಂಡ ಏರುಪೇರು ಎಷ್ಟೋ ಸಲ ತಾನಾಗಿಯೇ ಅಡಗುತ್ತದೆ. ಅಂದರೆ ಆ ಹೊತ್ತಿನಲ್ಲಿ ನೀವು ನೋಡುತ್ತಿದ್ದ ಬಣ್ಣ ಕೊನೆಗೆ ಉಳಿಯುವ ಬಣ್ಣವೇ ಆಗಿರಲಿಲ್ಲ. ಇಲ್ಲದ ತಪ್ಪನ್ನು ತಿದ್ದಲು ಹೋಗಿ ಇರುವ ತಪ್ಪೊಂದನ್ನು ತಂದುಕೊಂಡಿರಿ.

ನೀವು ಗಣಿತ ಟೀಚರ್ ಆಗಿರುವುದರಿಂದ ಕೇಳುತ್ತೇನೆ. ಪರೀಕ್ಷೆ ಹಾಲಿನಲ್ಲಿ ಹುಡುಗಿಯೊಬ್ಬಳು ಲೆಕ್ಕದ ಮೂರನೇ ಸಾಲು ಬರೆಯುತ್ತಿದ್ದಾಳೆ. ನೀವು ಕೆಂಪು ಪೆನ್ನು ಹಿಡಿದು ಅವಳ ಬೆನ್ನ ಹಿಂದೆ ನಿಂತು ಒಂದೊಂದು ಸಾಲಿಗೂ ರೈಟು, ತಪ್ಪು ಹಾಕುತ್ತಾ ಹೋದರೆ ಏನಾಗುತ್ತದೆ? ಬರುವ ಲೆಕ್ಕವೂ ಬಾರದೆ ಹೋಗುತ್ತದೆ. ಆ ಹುಡುಗಿಗೆ ನೀವು ಹಾಗೆ ಮಾಡುವುದಿಲ್ಲ. ನಿಮಗೆ ನೀವೇ ಮಾಡಿಕೊಳ್ಳುತ್ತಿದ್ದೀರಿ. ಪೇಪರ್ ತಿದ್ದುವ ಟೀಚರ್ ಬೇಕು, ಒಳ್ಳೆಯ ಕಟ್ಟುನಿಟ್ಟಿನ ಟೀಚರ್ರೇ ಬೇಕು. ಪರೀಕ್ಷೆ ಮುಗಿದ ಮೇಲೆ ಬರಲಿ.

ಈ ಅಭ್ಯಾಸದ ಒಂದು ಬೇರು ನಿಮ್ಮ ಗ್ರೇಡ್ ಪರೀಕ್ಷೆಯಲ್ಲೇ ಇರಬಹುದು ಅನ್ನುವುದು ನನ್ನ ಊಹೆ. ಆ ಪರೀಕ್ಷೆಗಳ ಬಗ್ಗೆ ನನಗೆ ಗೌರವವಿದೆ. ಊರೂರಿನ ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟದ್ದು ಅವೇ. ಆದರೆ ಅಲ್ಲಿ ಕೈ ಪಳಗುವುದು ರಬ್ಬರಿನ ಜೊತೆ. ಹೂಜಿಯ ಎಡಬದಿ ಹೇಗಿದೆಯೋ ಬಲಬದಿಯೂ ಹಾಗೇ ಬರಬೇಕು. ಬರಲಿಲ್ಲವಾ, ಅಳಿಸು. ಪೆನ್ಸಿಲ್ಲಿಗೆ ಅದು ಸರಿ. ವಾಟರ್ ಕಲರಿನಲ್ಲಿ ಅಳಿಸುವುದು ಅನ್ನುವುದೇ ಹೆಚ್ಚುಕಡಿಮೆ ಇಲ್ಲ. ಎಣ್ಣೆ ಬಣ್ಣದಲ್ಲಾದರೆ ಕೆರೆದು ತೆಗೆಯಬಹುದು, ಅಕ್ರಿಲಿಕ್‌ನಲ್ಲಾದರೆ ಮೇಲೆ ಇನ್ನೊಂದು ಪದರ ಬಳಿಯಬಹುದು. ತಿದ್ದುವ ಚಟ ಇರುವವರಿಗೆ ಎಲ್ಲಕ್ಕಿಂತ ಹೆಚ್ಚು ಶಿಕ್ಷೆ ಕೊಡುವ ಮಾಧ್ಯಮವನ್ನೇ ಆರಿಸಿಕೊಂಡಿದ್ದೀರಿ. ಬಿಡಬೇಡಿ. ಆ ಚಟವನ್ನು ಬಿಡಿಸುವುದೂ ಇದೇ.

‘ದೊಡ್ಡ ಕಲಾವಿದರೂ ಹೀಗೇ ಅಲ್ವಾ, ಅವರಿಗೂ ತೃಪ್ತಿ ಇರಲಿಲ್ಲವಲ್ಲ’ ಅಂತ ಕೆಲವರು ಈ ಹಟವನ್ನೇ ಹೆಮ್ಮೆ ಮಾಡಿಕೊಳ್ಳುತ್ತಾರೆ. ತೃಪ್ತಿ ಇರಲಿಲ್ಲ, ನಿಜ. ಆದರೆ ಅವರು ಏನು ಮಾಡಿದರು ಅಂತ ಸರಿಯಾಗಿ ನೋಡಬೇಕು. ಫ್ರಾನ್ಸಿನ ಕಲಾವಿದ ಕ್ಲಾಡ್ ಮೊನೆ 1908ರಲ್ಲಿ ತನ್ನ ನೈದಿಲೆ ಕೊಳದ ಚಿತ್ರಗಳಲ್ಲಿ ಕಡಿಮೆಯೆಂದರೂ ಹದಿನೈದನ್ನು ತಾನೇ ಹಾಳು ಮಾಡಿದ. ಪ್ಯಾರಿಸ್ಸಿನ ಪ್ರದರ್ಶನ ಮುಂದೆ ಹೋಯಿತು. ಈ ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಮರುವರ್ಷ, 1909ರಲ್ಲಿ, ಅದೇ ಪ್ರದರ್ಶನ ನಡೆಯಿತು. 48 ಚಿತ್ರಗಳಿದ್ದವು. ಹದಿನೈದನ್ನು ಎಸೆಯಲು ಅವನಿಗೆ ಆದದ್ದು ಎಸೆಯಲು ಅಷ್ಟು ಇದ್ದದ್ದರಿಂದ. ಮೊದಲು ಬರೆದ, ಆಮೇಲೆ ಆರಿಸಿದ. ನೀವು ಬರೆಯುವ ಮೊದಲೇ ಆರಿಸುತ್ತಿದ್ದೀರಿ.

ಇನ್ನೊಬ್ಬ ಫ್ರೆಂಚ್ ಕಲಾವಿದ ಸೆಜಾನ್‌ನದು ನನಗೆ ಇನ್ನೂ ಇಷ್ಟದ ಕಥೆ. ತನ್ನ ಚಿತ್ರಗಳನ್ನು ಮಾರುತ್ತಿದ್ದ ವೊಲಾರ್‌ನ ಭಾವಚಿತ್ರವನ್ನು 1899ರಲ್ಲಿ ಬರೆದ. ವೊಲಾರ್ ಹೇಳಿಕೊಂಡಂತೆ ಅದಕ್ಕಾಗಿ ಅವನು 115 ಸಲ ಅಲುಗಾಡದೆ ಕೂರಬೇಕಾಯಿತು. ಅಷ್ಟಾದ ಮೇಲೆ ಸೆಜಾನ್ ಅಂದದ್ದು, ಅಂಗಿಯ ಎದೆಭಾಗ ಪರವಾಗಿಲ್ಲ ಅಂತ. ನಗು ಬರುತ್ತದೆ. ನಾನು ಹೇಳಬೇಕೆಂದದ್ದು ಬೇರೆ. ಆ ಚಿತ್ರದಲ್ಲಿ ವೊಲಾರ್‌ನ ಕೈ ಮೇಲೆ ಎರಡು ಸಣ್ಣ ಜಾಗ ಬಣ್ಣವಿಲ್ಲದೆ ಖಾಲಿ ಉಳಿದಿದ್ದವು. ಯಾಕೆ ಅಂತ ವೊಲಾರ್ ಕೇಳಿದ್ದಕ್ಕೆ ಸೆಜಾನ್ ಕೊಟ್ಟ ಉತ್ತರದ ಸಾರ ಹೀಗಿದೆ: ಅಲ್ಲಿಗೆ ತಕ್ಕ ಬಣ್ಣ ಇನ್ನೂ ಸಿಕ್ಕಿಲ್ಲ, ಏನೋ ಒಂದು ಹಚ್ಚಿಬಿಟ್ಟರೆ ಆ ಜಾಗದಿಂದ ಶುರುಮಾಡಿ ಇಡೀ ಚಿತ್ರವನ್ನೇ ಮತ್ತೆ ಬರೆಯಬೇಕಾಗುತ್ತದೆ. ಅಷ್ಟು ಹಟದ ಮನುಷ್ಯ ಗೊತ್ತಾಗದ ಜಾಗವನ್ನು ಮುಟ್ಟದೆ ಬಿಟ್ಟ. ನಿಮ್ಮ ಕೆರೆ ಏರಿಯ ಆಕಾಶಕ್ಕೆ ಬೇಕಾಗಿದ್ದದ್ದು ಇದೇ.

ಮುಗಿಸದೆ ಬಿಟ್ಟ ದೊಡ್ಡವರೂ ಇದ್ದಾರೆ, ಲಿಯೊನಾರ್ಡೊ ಡ ವಿಂಚಿ. 1481ರಲ್ಲಿ ಫ್ಲಾರೆನ್ಸಿನ ಹೊರಗಿನ ಒಂದು ಮಠಕ್ಕೆ ದೊಡ್ಡ ಚಿತ್ರ ಬರೆದುಕೊಡಲು ಒಪ್ಪಿಕೊಂಡ. ಅರ್ಧಕ್ಕೇ ಬಿಟ್ಟು ಮಿಲಾನಿಗೆ ಹೊರಟುಹೋದ. ಮಠದವರು ಕಾದರು, ಕಾದರು, ಕೊನೆಗೆ ಫಿಲಿಪ್ಪಿನೊ ಲಿಪ್ಪಿ ಅನ್ನುವ ಇನ್ನೊಬ್ಬ ಕಲಾವಿದನ ಕೈಲಿ ಬರೆಸಿಕೊಂಡರು. ಅದು ಮುಗಿದದ್ದು 1496ರಲ್ಲಿ. ಅರ್ಧಕ್ಕೆ ಬಿಟ್ಟ ಲಿಯೊನಾರ್ಡೊ ಚಿತ್ರವನ್ನು ಇಂದು ಜಗತ್ತು ಕ್ಯೂ ನಿಂತು ನೋಡುತ್ತದೆ, ಸರಿ. ನಾವು ಲಿಯೊನಾರ್ಡೊ ಅಲ್ಲವಲ್ಲ.

ನಮ್ಮಲ್ಲಿ ಈ ಮಾತು ಬಂದಾಗಲೆಲ್ಲ ಕೆ. ವೆಂಕಟಪ್ಪನವರ ಹೆಸರು ಬರುತ್ತದೆ. ಮೈಸೂರು ಅರಮನೆಯ ಕಲಾವಿದರು, 1886ರಿಂದ 1965ರವರೆಗೆ ಬದುಕಿದ್ದವರು. ಅವರ ಊಟಿಯ ಜಲವರ್ಣಗಳನ್ನು ನೋಡಿದವರು ‘ಇದಪ್ಪಾ ಪರ್ಫೆಕ್ಷನ್’ ಅನ್ನುತ್ತಾರೆ. ನೀಲಗಿರಿಯ ಮಂಜು ಬೆಟ್ಟದ ಮೇಲೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಅಲ್ಲಿ ಅಂಚು ಸಿಗುವುದಿಲ್ಲ. ಆದರೆ ಅವರು ಕಲಿತದ್ದು ಕಲ್ಕತ್ತೆಯಲ್ಲಿ, ಅವನೀಂದ್ರನಾಥ ಟ್ಯಾಗೋರರ ಹತ್ತಿರ. ಆ ಗುರುಗಳ ವಾಷ್ ಪದ್ಧತಿ ಹೇಗೆ ಗೊತ್ತಾ? ತೆಳುವಾದ ಒಂದು ಪದರ ಹಾಕು, ಒಣಗಲು ಬಿಡು, ಪೇಪರನ್ನೇ ನೀರಿನಲ್ಲಿ ತೋಯಿಸು, ಮತ್ತೆ ಪದರ ಹಾಕು, ಮತ್ತೆ ಒಣಗಲು ಬಿಡು. ಅಂಥ ಪಾಠಶಾಲೆಯಲ್ಲಿ ಮೊದಲು ಬರುವ ವಿದ್ಯೆಯೆಂದರೆ ಕಾಯುವುದು. ಅಷ್ಟು ನಯ ಬರಬೇಕಾದರೆ ಗಾಬರಿಯಿಂದ ತಿದ್ದಿ ಆಗುವುದಿಲ್ಲ. ವೆಂಕಟಪ್ಪನವರದು ಪರ್ಫೆಕ್ಷನಿಸಂ ಅಂತ ನನಗೆ ಅನ್ನಿಸುವುದಿಲ್ಲ, ಅದು ತಾಳ್ಮೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಅಷ್ಟೇ. ಬೆಂಗಳೂರಿಗೆ ಬಂದಾಗ ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನ ಆರ್ಟ್ ಗ್ಯಾಲರಿ ಇದೆ, ಅವರ ಚಿತ್ರಗಳು ನೋಡಲು ಸಿಕ್ಕರೆ ಬಿಡಬೇಡಿ. ಪ್ರಿಂಟಿನಲ್ಲಿ ಆ ಪದರಗಳು ಕಾಣುವುದಿಲ್ಲ.

ಅವರ ಪಕ್ಕಕ್ಕೆ ರುಮಾಲೆ ಚನ್ನಬಸವಯ್ಯನವರನ್ನು ಇಟ್ಟು ನೋಡಿ. 1910ರಲ್ಲಿ ಹುಟ್ಟಿದವರು. ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯ ಎಲ್ಲ ಕಂಡು, ನಡುವಯಸ್ಸಿನಲ್ಲಿ ಪೂರ್ತಿಯಾಗಿ ಚಿತ್ರಕ್ಕೆ ಬಂದವರು. (38 ಅನ್ನುವುದು ತಡ ಅಂತ ನಿಮಗೆ ಅನ್ನಿಸಿದ್ದರೆ ಇದನ್ನು ಇನ್ನೊಮ್ಮೆ ಓದಿ.) ಬೆಂಗಳೂರಿನ ರಸ್ತೆ ಬದಿಯ ಹೂಬಿಟ್ಟ ಮರಗಳನ್ನು ಅಲ್ಲೇ ನಿಂತು ಬರೆಯುತ್ತಿದ್ದರು. ಜಕರಾಂಡ, ಗುಲ್‌ಮೊಹರ್ ಯಾರಿಗೂ ಕಾಯುವುದಿಲ್ಲ. ಹೂವು ಕೆಲವೇ ವಾರ. ಅದಕ್ಕೂ ಮೊದಲು ಬಿಸಿಲು, ಬೆಳಗಿನ ನೆರಳು ಒಂದೆರಡು ಗಂಟೆಯಲ್ಲಿ ಜಾಗ ಬದಲಾಯಿಸುತ್ತದೆ. ಹೊರಗೆ ನಿಂತು ಬರೆಯುವವರಿಗೆ ತಿದ್ದುತ್ತಾ ಕೂರುವಷ್ಟು ಪುರಸೊತ್ತು ಇರುವುದೇ ಇಲ್ಲ. ರುಮಾಲೆಯವರ ಮರಗಳಲ್ಲಿ ಹೂವು ಎಣಿಸಲು ಆಗುವುದಿಲ್ಲ, ಆದರೆ ಆ ದಿನದ ಬಿಸಿಲು ಎಷ್ಟಿತ್ತು ಅಂತ ಹೇಳಬಹುದು.

ಇನ್ನು ಆರ್.ಕೆ. ಲಕ್ಷ್ಮಣ್. ಮೈಸೂರಿನ ಹುಡುಗ, 1951ರಿಂದ ದಶಕಗಳ ಕಾಲ ದಿನಪತ್ರಿಕೆಗೆ ದಿನವೂ ಒಂದು ವ್ಯಂಗ್ಯಚಿತ್ರ. ಸಂಜೆ ಅಚ್ಚಿಗೆ ಹೋಗಲೇಬೇಕು. ಅವರ ಗೆರೆಯಲ್ಲಿ ಸಡಿಲು ಎಲ್ಲಿದೆ ಹೇಳಿ? ಗಡುವು ಇದ್ದರೆ ಗುಣಮಟ್ಟ ಇಳಿಯುತ್ತದೆ ಅನ್ನುವವರಿಗೆ ನಾನು ಇವರನ್ನು ತೋರಿಸುತ್ತೇನೆ.

ಈಗ ನಿಮ್ಮ ಮೊದಲ ಚಿತ್ರ, ಹೆಂಚಿನ ಮನೆ. ಚಾವಣಿಯ ಹೆಂಚುಗಳನ್ನು ಎಣಿಸಬಹುದು. ಗಣಿತ ಟೀಚರ್ ಬರೆದದ್ದು ಅಂತ ಅಲ್ಲೇ ಗೊತ್ತಾಗುತ್ತದೆ! ಒಂದೊಂದು ಹೆಂಚಿಗೂ ಒಂದೇ ಗಮನ, ಒಂದೇ ಕಪ್ಪು. ಅದೇ ಮನೆಯನ್ನು ಅಂಗಳದಲ್ಲಿ ನಿಂತು ಐದು ಸೆಕೆಂಡು ನೋಡಿ ಕಣ್ಣು ಮುಚ್ಚಿ. ನೆನಪಿನಲ್ಲಿ ಏನು ಉಳಿಯಿತು? ಚಾವಣಿಯ ಒಟ್ಟು ಕೆಂಪು, ಕೆಳ ಅಂಚಿನ ನೆರಳು, ಎಲ್ಲೋ ಒಂದು ಕಡೆ ಸರಿದ ಎರಡು ಹೆಂಚು. ಅಷ್ಟೇ ಬರೆಯಬೇಕಾದದ್ದು. ಹತ್ತಿರದ ಐದಾರು ಹೆಂಚನ್ನು ಚೊಕ್ಕವಾಗಿ ತೋರಿಸಿ, ಉಳಿದದ್ದನ್ನು ಒಣ ಬ್ರಷ್ಷಿನ ಎರಡು ಎಳೆತದಲ್ಲಿ ಬಿಡಿ. ನೋಡುವವರ ಕಣ್ಣು ಉಳಿದ ಹೆಂಚನ್ನು ತಾನೇ ಹೊದಿಸಿಕೊಳ್ಳುತ್ತದೆ. ಎಲ್ಲವನ್ನೂ ನೀವೇ ಹೇಳಿಬಿಟ್ಟರೆ ಅವರಿಗೆ ಮಾಡಲು ಏನೂ ಕೆಲಸ ಇರುವುದಿಲ್ಲ, ದಾಟಿಕೊಂಡು ಹೋಗುತ್ತಾರೆ.

ಮೂರನೆಯದು, ಮಳೆ ನಿಂತ ರಸ್ತೆ, ಚೆನ್ನಾಗಿದೆ. ಫೋಟೋ ಜೊತೆ ನೀವು ಅದನ್ನು ‘ಅರ್ಧ ಆಗಿದೆ’ ಅಂತ ಬರೆದಿದ್ದೀರಿ. ನನಗೆ ಹಾಗೆ ಕಾಣಲಿಲ್ಲ. ಮುಟ್ಟಬೇಡಿ.

ಸ್ಟಾಫ್ ರೂಮಿನ ಮಾತಿಗೆ ಬರೋಣ. ಹ್ಯೂಯಿಟ್ ಮತ್ತು ಫ್ಲೆಟ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1991ರಲ್ಲಿ ಪರ್ಫೆಕ್ಷನಿಸಮ್ಮನ್ನು ಮೂರು ಬಗೆಯಾಗಿ ಬಿಡಿಸಿದರು. ನನ್ನಿಂದ ನಾನೇ ಬಯಸುವುದು ಒಂದು. ಬೇರೆಯವರು ಪರ್ಫೆಕ್ಟ್ ಆಗಿರಬೇಕು ಅನ್ನುವುದು ಇನ್ನೊಂದು. ಬೇರೆಯವರು ನನ್ನಿಂದ ಅದನ್ನು ಬಯಸುತ್ತಿದ್ದಾರೆ, ಇಲ್ಲದಿದ್ದರೆ ನನ್ನನ್ನು ಒಪ್ಪುವುದಿಲ್ಲ ಅನ್ನುವ ಭಾವನೆ ಮೂರನೆಯದು. ಹೆಚ್ಚು ಹಿಂಸೆ ಕೊಡುವುದು ಈ ಮೂರನೆಯದೇ. ಅದು ಬೆಳೆಯುತ್ತಲೂ ಇದೆ. ಅಮೆರಿಕ, ಕೆನಡಾ, ಬ್ರಿಟನ್ನಿನ ನಲವತ್ತು ಸಾವಿರಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ಒಟ್ಟುಮಾಡಿ ಕರನ್ ಮತ್ತು ಹಿಲ್ ಅನ್ನುವ ಸಂಶೋಧಕರು ಮಾಡಿದ ಲೆಕ್ಕದಲ್ಲಿ, 1989ರಿಂದ 2016ರ ನಡುವೆ ಮೂರೂ ಏರಿದ್ದವು. ಎಲ್ಲಕ್ಕಿಂತ ಜಾಸ್ತಿ ಏರಿದ್ದು ಮೂರನೆಯದು.

ನಿಮ್ಮ ಪತ್ರದಲ್ಲಿ ಮೊದಲನೆಯದೂ ಮೂರನೆಯದೂ ಕಲೆಸಿಕೊಂಡಿವೆ. ಆಕಾಶ ಸಮವಾಗಿ ಬರಬೇಕು ಅನ್ನುವುದು ನಿಮ್ಮದು. ಅದನ್ನು ಇಟ್ಟುಕೊಳ್ಳಿ. ಫೋಟೋ ಥರ ಬರಬೇಕು ಅನ್ನುವುದು ನಿಮ್ಮದಲ್ಲ. ನೀವು ಇಷ್ಟಪಟ್ಟು ನೋಡುವ ಯಾವ ಜಲವರ್ಣವೂ ಫೋಟೋ ಥರ ಇರುವುದಿಲ್ಲ, ಒಮ್ಮೆ ಯೋಚಿಸಿ ನೋಡಿ. ಆ ಸಹೋದ್ಯೋಗಿ ಕೆಟ್ಟದ್ದು ಬಯಸಿ ಹೇಳಿರಲಾರರು. ಅವರಿಗೆ ಗೊತ್ತಿದ್ದ ಅಳತೆಗೋಲು ಅದೊಂದೇ, ಅದನ್ನೇ ಇಟ್ಟು ನೋಡಿದರು. ಮುಂದೆ ತಿದ್ದಬೇಕು ಅಂತ ಕೈ ತುರಿಸಿದಾಗ ಕೇಳಿಕೊಳ್ಳಿ, ಇದು ಯಾರಿಗೋಸ್ಕರ?

ಮನೆಯವರ ‘ಚೆನ್ನಾಗಿದೆ’ಯನ್ನು ನಂಬದೆ ಇರುವುದು ಸರಿಯೇ. ಅವರು ನಿಮ್ಮನ್ನು ಇಷ್ಟಪಡುತ್ತಾರೆ, ಚಿತ್ರವನ್ನು ನೋಡುವುದು ಆಮೇಲೆ. ಅವರನ್ನು ಹೇಗಿದೆ ಅಂತ ಕೇಳಲೇಬೇಡಿ. ‘ಮೊದಲು ನಿಮ್ಮ ಕಣ್ಣು ಎಲ್ಲಿಗೆ ಹೋಯಿತು?’ ಅಂತ ಕೇಳಿ. ಇದಕ್ಕೆ ಮುಲಾಜಿನ ಉತ್ತರ ಕೊಡಲು ಆಗುವುದಿಲ್ಲ. ಎಂಟು ವರ್ಷದ ಮಗುವೂ ಸರಿಯಾಗಿ ಹೇಳುತ್ತದೆ.

ಇನ್ನು ಬೀರುವಿನಲ್ಲಿರುವ ಪೇಪರ್. ಅದನ್ನು ನಾಳೆಯೇ ಹೊರಗೆ ತೆಗೆಯಿರಿ. ಒಳ್ಳೆಯ ಜಲವರ್ಣದ ಪೇಪರಿಗೆ ತಯಾರಿಸುವಾಗಲೇ ಒಂದು ಬಗೆಯ ಅಂಟು ಸೇರಿಸಿರುತ್ತಾರೆ, ಸೈಜಿಂಗ್ ಅಂತ. ನೀರು ಥಟ್ಟನೆ ಒಳಗಿಳಿಯದಂತೆ ತಡೆಯುವುದು ಅದೇ. ತೇವಕ್ಕೆ ಅದು ಕೆಡುತ್ತದೆ. ನಿಮ್ಮ ಕಡೆಯ ಎರಡು ಮಳೆಗಾಲ ಬೀರುವಿನಲ್ಲಿ ಕಳೆದ ಪೇಪರ್ ಹೇಗಿದೆಯೋ ಏನೋ. ಒಂದು ಮೂಲೆಗೆ ನೀರು ಹಚ್ಚಿ ನೋಡಿ. ನೀರು ಮೇಲೆ ನಿಂತು ಹೊಳೆದರೆ ಬಚಾವ್. ಮಸಿ ಒತ್ತುವ ಕಾಗದದ ಹಾಗೆ ಹೀರಿಕೊಂಡು ಚುಕ್ಕೆ ಚುಕ್ಕೆ ಬಿದ್ದರೆ ಸೈಜಿಂಗ್ ಹೋಗಿದೆ. ನಿಮ್ಮ ಕೈ ಪಳಗಲಿ ಅಂತ ಪೇಪರ್ ಕಾಯುತ್ತಾ ಕೂರುವುದಿಲ್ಲ.

ಚೆನ್ನಾಗಿದ್ದರೆ ಕತ್ತರಿಸಿ. ಹೌದು, ಕತ್ತರಿಸಿ. 22ಕ್ಕೆ 30 ಇಂಚಿನ ಫುಲ್ ಶೀಟನ್ನು ಎಂಟು ಮಾಡಿದರೆ 11ಕ್ಕೆ ಏಳೂವರೆ ಇಂಚಿನ ತುಂಡುಗಳು ಬರುತ್ತವೆ. ದೊಡ್ಡ ಶೀಟು ಎದುರಿಗೆ ಇದ್ದರೆ ಅದರ ಬೆಲೆ ತಲೆಯಲ್ಲಿ ಕೂರುತ್ತದೆ. ತುಂಡಾದರೆ ಆ ಭಯ ಅರ್ಧಕ್ಕರ್ಧ ಇಳಿಯುತ್ತದೆ. 300 ಜಿಎಸ್‌ಎಂನ ದಪ್ಪ ಪೇಪರ್ ಆದರೆ ಹಿಂಬದಿಯಲ್ಲೂ ಬರೆಯಬಹುದು. ‘ಮೊದಲು ಅಗ್ಗದ ಪೇಪರಿನಲ್ಲಿ ಕಲಿ, ಆಮೇಲೆ ಒಳ್ಳೆಯದಕ್ಕೆ ಹೋಗು’ ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಡ್ರಾಯಿಂಗ್ ಶೀಟಿನ ಮೇಲೆ ನೀರು ನಡೆದುಕೊಳ್ಳುವ ರೀತಿಯೇ ಬೇರೆ, ಹತ್ತಿಯ ಪೇಪರಿನ ಮೇಲೆ ಬೇರೆ. ಅಲ್ಲಿ ಕಲಿತದ್ದು ಇಲ್ಲಿ ಕೈಕೊಡುತ್ತದೆ. ನಿಮ್ಮದೇ ತಪ್ಪು ಅಂದುಕೊಂಡಿದ್ದರಲ್ಲಿ ಎಷ್ಟೋ ಪಾಲು ಪೇಪರಿನ ತಪ್ಪು ಇರಬಹುದು.

ಕೂರುವ ಮೊದಲು ಬಣ್ಣವನ್ನು ಧಾರಾಳವಾಗಿ ಕಲಸಿಟ್ಟುಕೊಳ್ಳಿ. ಆಕಾಶಕ್ಕೆ ಬೇಕು ಅನ್ನಿಸಿದ್ದಕ್ಕಿಂತ ಎರಡು ಪಟ್ಟು. ಅರ್ಧ ಆಕಾಶಕ್ಕೆ ಬಣ್ಣ ಮುಗಿದು, ಮತ್ತೆ ಕಲಸಿ ತರುವಷ್ಟರಲ್ಲಿ ಮೊದಲರ್ಧ ಒಣಗತೊಡಗಿ, ಅಲ್ಲಿ ಗೆರೆ ಬಂದು, ಅದನ್ನು ತಿದ್ದಲು ಹೊರಟು... ಇದು ನಮ್ಮ ಕ್ಲಾಸುಗಳಲ್ಲಿ ದಿನವೂ ನಡೆಯುವ ಕಥೆ. ಜನ ಇದನ್ನು ಮನಸ್ಸಿನ ತೊಂದರೆ ಅಂದುಕೊಳ್ಳುತ್ತಾರೆ. ಪ್ಯಾಲೆಟ್ಟಿನಲ್ಲಿ ಬಣ್ಣ ಕಡಿಮೆಯಿತ್ತು, ಅಷ್ಟೇ.

ಸಣ್ಣ ಬ್ರಷ್ಷುಗಳನ್ನು ಬೇರೆ ಕೋಣೆಯಲ್ಲಿ ಇಡಿ. ದೊಡ್ಡ ದುಂಡು ಬ್ರಷ್ ಒಂದೇ ಸಾಕು, ಒಳ್ಳೆಯದಾದರೆ ಅದರ ತುದಿಯೇ ಗೆರೆ ಎಳೆಯುತ್ತದೆ. ಸಣ್ಣ ಬ್ರಷ್ ಕೈಯಲ್ಲಿದ್ದರೆ ಅದು ಕೆಲಸ ಹುಡುಕುತ್ತದೆ. ಫೋನಿನಲ್ಲಿ 40 ನಿಮಿಷದ ಅಲಾರಂ ಇಡಿ. ಹೊಡೆದ ಕೂಡಲೇ ಎದ್ದು ಹೋಗಿ. ಚಿತ್ರ ಎಲ್ಲಿದೆಯೋ ಅಲ್ಲಿಗೆ ನಿಂತಿತು. ಮೊದಮೊದಲು ಕೈ ಕಟ್ಟಿಹಾಕಿದಂತೆ ಅನ್ನಿಸುತ್ತದೆ. ಆಮೇಲೆ 30ನೇ ನಿಮಿಷದಲ್ಲೇ ‘ಇನ್ನೇನು ಮುಖ್ಯ’ ಅಂತ ಆರಿಸಿಕೊಳ್ಳಲು ಕಲಿಯುತ್ತೀರಿ. ಆ ಆಯ್ಕೆಯೇ ಚಿತ್ರಕಲೆಯ ಅರ್ಧ ಪಾಲು.

ಒಂದು ಚಿತ್ರಕ್ಕೆ ಒಂದೇ ಗುರಿ ಇಟ್ಟುಕೊಳ್ಳಿ, ಪೇಪರಿನ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಡಿ. ‘ಆಕಾಶ ಒಂದೇ ಸಲಕ್ಕೆ.’ ‘ನೆರಳು ಒಂದೇ ಬಣ್ಣ.’ ಮರ ಹಾಳಾಯಿತು, ಮನೆ ವಾಲಿತು, ಇರಲಿ. ಆಕಾಶ ಬಂತಾ? ಹಾಗಾದರೆ ಆ ಚಿತ್ರ ಪಾಸು. ನಿಮ್ಮ ಕಟ್ಟುನಿಟ್ಟು ಹಾಗೇ ಉಳಿಯಿತು, ಅದಕ್ಕೊಂದು ಗಡಿ ಬಂತು.

ಹರಿಯುವುದನ್ನು ಮಾತ್ರ ಪೂರ್ತಿ ನಿಲ್ಲಿಸಿ. ಇದರಲ್ಲಿ ರಾಜಿ ಇಲ್ಲ. ತಾರೀಕು ಹಾಕಿ ಒಂದು ಫೈಲಿಗೆ ಸೇರಿಸಿ, ಮತ್ತೆ ನೋಡಬೇಡಿ. ಇಪ್ಪತ್ತು ಆದ ಮೇಲೆ ಎಲ್ಲವನ್ನೂ ಹಾಲಿನ ನೆಲದ ಮೇಲೆ ಹರಡಿ, ನಿಂತುಕೊಂಡು ನೋಡಿ, ಕೂತುಕೊಂಡಲ್ಲ. ಅಲ್ಲಿ ನಿಮ್ಮ ಕಟುವಾದ ಟೀಚರನ್ನು ಕರೆಯಿರಿ. ಐದನ್ನು ಆರಿಸಲಿ. ಉಳಿದ ಹದಿನೈದರ ಬಗ್ಗೆ ಏನು ಬೇಕಾದರೂ ಹೇಳಲಿ. ಬರೆದ ದಿನ ಅಸಹ್ಯ ಅನ್ನಿಸಿದ್ದು ಆ ಐದರಲ್ಲಿ ಇರುವುದನ್ನು ನೀವೇ ನೋಡುತ್ತೀರಿ. ಬರೆದ ದಿನ ನೀವು ಚಿತ್ರವನ್ನು ನೋಡುವುದಿಲ್ಲ, ತಲೆಯಲ್ಲಿದ್ದದ್ದಕ್ಕೂ ಪೇಪರಿಗೆ ಬಂದದ್ದಕ್ಕೂ ಇರುವ ಅಂತರವನ್ನು ನೋಡುತ್ತೀರಿ. ಒಂದೆರಡು ತಿಂಗಳಲ್ಲಿ ತಲೆಯಲ್ಲಿದ್ದ ಚಿತ್ರ ಮರೆತುಹೋಗುತ್ತದೆ. ಆಗ ಎದುರಿಗಿರುವುದು ಕಾಣುತ್ತದೆ. ಆ ಅಂತರ ಯಾವತ್ತಾದರೂ ಪೂರ್ತಿ ಹೋಗುತ್ತದಾ? ಜಪಾನಿನ ಚಿತ್ರಕಾರ ಹೊಕುಸಾಯ್ ಎಪ್ಪತ್ತು ದಾಟಿದ ಮೇಲೆ, ಎಪ್ಪತ್ತಕ್ಕೆ ಮೊದಲು ತಾನು ಬರೆದದ್ದರಲ್ಲಿ ಲೆಕ್ಕಕ್ಕೆ ಬರುವಂಥದ್ದು ಏನೂ ಇಲ್ಲ ಅಂತ ಬರೆದುಕೊಂಡ. ಅಷ್ಟೂ ವರ್ಷ ಸಾವಿರಾರು ಚಿತ್ರ ಮಾಡಿ ಅಚ್ಚಿಗೆ ಕೊಡುತ್ತಲೇ ಇದ್ದ ಮನುಷ್ಯ ಅವನು.

ಇನ್‌ಸ್ಟಾಗ್ರಾಮ್ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳಿಬಿಡುತ್ತೇನೆ. ಅರ್ಧ ನಿಮಿಷದಲ್ಲಿ ಆಕಾಶ ಬರುವ ಆ ವಿಡಿಯೊಗಳಲ್ಲಿ ಒಣಗುವ ಹೊತ್ತನ್ನು ಕತ್ತರಿಸಿರುತ್ತಾರೆ. ಕೆಟ್ಟುಹೋದ ಶೀಟುಗಳನ್ನಂತೂ ಯಾರೂ ತೋರಿಸುವುದಿಲ್ಲ. ಬರೆಯುವ ದಿನ ನೋಡಬೇಡಿ.

ಒಂದು ಎಚ್ಚರಿಕೆ. ಈ ಅತೃಪ್ತಿ ಚಿತ್ರದ ಹಲಗೆಗೆ ಸೀಮಿತವಾಗಿದ್ದರೆ ಮೇಲೆ ಹೇಳಿದ್ದು ಸಾಕು. ಅಡುಗೆ, ಪಾಠ, ಮಕ್ಕಳ ಹೋಂವರ್ಕ್ ಎಲ್ಲದರಲ್ಲೂ ಇದೇ ನಡೆದು ನಿದ್ದೆ ಕೆಡುತ್ತಿದ್ದರೆ, ನಾನು ಯಾವ ಕೆಲಸಕ್ಕೂ ಬಾರದವಳು ಅನ್ನುವ ಮಾತು ದಿನವೂ ಮನಸ್ಸಿಗೆ ಬರುತ್ತಿದ್ದರೆ, ಅದು ಡ್ರಾಯಿಂಗ್ ಮೇಷ್ಟ್ರು ಬಿಡಿಸುವ ಗಂಟಲ್ಲ. ಆಪ್ತಸಲಹೆಗಾರರ ಹತ್ತಿರ ಮಾತಾಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಕೊನೆಗೆ ಚಿತ್ರಸಂತೆ. ಈ ಸಲ ಅರ್ಜಿ ಹಾಕಿ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರು ಮಾಡಿದ ಈ ಸಂತೆ ಜನವರಿಯ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುತ್ತದೆ. ಸಾವಿರಕ್ಕೂ ಹೆಚ್ಚು ಕಲಾವಿದರು ಬರುತ್ತಾರೆ. ಅರ್ಜಿಯನ್ನು ಮೊದಲೇ ಕರೆದುಬಿಡುತ್ತಾರೆ, ಹಾಗಾಗಿ ಮಳೆಗಾಲ ಮುಗಿಯುವ ಹೊತ್ತಿಗೆ ವಿಚಾರಿಸಲು ಶುರುಮಾಡಿ. ಅಲ್ಲಿ ಜನ ನಿಮ್ಮ ಚಿತ್ರವನ್ನು ಹೇಗೆ ನೋಡುತ್ತಾರೆ ಅಂತ ಮೊದಲೇ ಹೇಳಿರುತ್ತೇನೆ. ಅವರು ಪಕ್ಕದ ಸ್ಟಾಲಿನಿಂದ ನಡೆದು ಬರುತ್ತಾ ದೂರದಿಂದಲೇ ನೋಡುತ್ತಾರೆ. ಹಿಡಿಸಿದರೆ ನಿಲ್ಲುತ್ತಾರೆ. ‘ಇದು ಯಾವ ಊರು? ಸಕಲೇಶಪುರನಾ?’ ಅಂತ ಕೇಳುತ್ತಾರೆ. ‘ನಮ್ಮ ಅಜ್ಜಿ ಮನೆ ಹೀಗೇ ಇತ್ತು’ ಅನ್ನುತ್ತಾರೆ. ಆಮೇಲೆ ರೇಟು ಕೇಳುತ್ತಾರೆ, ಚೌಕಾಸಿ ಮಾಡುತ್ತಾರೆ. ಬಲಗಡೆಯ ಮೂಲೆಯಲ್ಲಿ ವಾಷ್ ಯಾಕೆ ಹೀಗಾಯಿತು ಅಂತ ಕೇಳುವವರು ಇನ್ನೊಬ್ಬ ಕಲಾವಿದರು ಮಾತ್ರ. ಅವರು ಕೇಳಿದರೆ ಖುಷಿಪಡಿ, ಒಳ್ಳೆಯ ಮಾತುಕತೆ ಸಿಕ್ಕಿತು.

ಒಯ್ಯುವಾಗ ಎಲ್ಲಕ್ಕೂ ಫ್ರೇಮ್ ಹಾಕಿಸಬೇಡಿ, ಸುಮ್ನೆ ಖರ್ಚು. ಬಸ್ಸಿನಲ್ಲಿ ಗಾಜು ಒಡೆಯುವ ಭಯ ಬೇರೆ. ನಾಲ್ಕೈದಕ್ಕೆ ಮಾತ್ರ ಹಾಕಿಸಿ, ಉಳಿದವು ಮೌಂಟ್ ಮಾಡಿ, ಅಂದರೆ ಸುತ್ತ ದಪ್ಪ ರಟ್ಟಿನ ಅಂಚು ಕೊಟ್ಟು, ಪ್ಲಾಸ್ಟಿಕ್ ಕವರಿನಲ್ಲಿರಲಿ. ಫ್ರೇಮ್ ಹಾಕಿಸಿದ್ದರಲ್ಲಿ ಚಿತ್ರಕ್ಕೂ ಗಾಜಿಗೂ ನಡುವೆ ಮೌಂಟ್ ಬೋರ್ಡಿನ ಅಂತರ ಇದೆಯಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ. ಗಾಜು ನೇರವಾಗಿ ಪೇಪರಿಗೆ ತಾಗಿದರೆ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ.